ಹೃದಯ ವೈಫಲ್ಯದ ಒಳರೋಗಿಗಳು: ವ್ಯಾಯಾಮ ಮತ್ತು ಸ್ವ-ಆರೈಕೆ

ಹೃದಯ ವೈಫಲ್ಯದಲ್ಲಿ ಹೃದಯ ನಿಂತುಹೋಗಿರುವುದಿಲ್ಲ. ದೇಹ ಕೇಳಿದಷ್ಟು ರಕ್ತವನ್ನು ಅದು ದೂಡಲಾರದು, ದೂಡಿದರೂ ತನ್ನೊಳಗೆ ವಿಪರೀತ ಒತ್ತಡ ಬೆಳೆಸಿಕೊಂಡೇ ದೂಡುತ್ತದೆ. ಆ ಒತ್ತಡ ಹಿಂದಕ್ಕೆ ಸರಿದು ಶ್ವಾಸಕೋಶದಲ್ಲಿ, ಹೊಟ್ಟೆಯಲ್ಲಿ, ಕಾಲುಗಳಲ್ಲಿ ನೀರು ಸೇರುತ್ತದೆ. ನಾಲ್ಕು ಹೆಜ್ಜೆಗೆ ಏದುಸಿರು, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ನಡುರಾತ್ರಿ ಎದ್ದು ಕೂರುವುದು, ಸಂಜೆಗೆ ಪಾದ ಊದುವುದು ಇದರ ಲಕ್ಷಣಗಳು. ಇವು ಮಿತಿಮೀರಿದಾಗ ರೋಗಿ ಆಸ್ಪತ್ರೆ ಸೇರುತ್ತಾನೆ. ಅಲ್ಲಿ ರಕ್ತನಾಳದ ಮೂಲಕ ನೀರಿಳಿಸುವ ಔಷಧಿ ಕೊಡುತ್ತಾರೆ, ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡುತ್ತಾರೆ, ಕೆರಳಿಸಿದ ಕಾರಣ ಹುಡುಕುತ್ತಾರೆ. ಉಸಿರು ಹಗುರಾದ ಮೇಲೆ ಮಾತ್ರೆಗಳ ಪಟ್ಟಿಯೊಂದಿಗೆ ಮನೆಗೆ ಕಳಿಸುತ್ತಾರೆ. ಈ ಕ್ರಮದಲ್ಲಿ ಎರಡು ಸಂಗತಿಗಳು ಬಹುಮಟ್ಟಿಗೆ ಬಿಟ್ಟುಹೋಗುತ್ತವೆ: ರೋಗಿಯ ಸ್ನಾಯುಗಳ ಸ್ಥಿತಿ, ಮತ್ತು ಮನೆಯಲ್ಲಿ ತನ್ನನ್ನು ತಾನು ನೋಡಿಕೊಳ್ಳುವ ಅವನ ಕೌಶಲ. ಎರಡನ್ನೂ ಗುಣವಾದ ಮೇಲಿನ ವಿಷಯಗಳೆಂದು ಮುಂದೂಡುವುದು ವಾಡಿಕೆ. ಆದರೆ ಕಳೆದ ಕೆಲವು ದಶಕಗಳ ಸಾಕ್ಷ್ಯವನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ಮಂಚದ ಬಳಿಯೇ ಆರಂಭವಾಗಬೇಕಾದ ಚಿಕಿತ್ಸೆಗಳು ಎಂದೇ ಹೇಳಬೇಕಾಗುತ್ತದೆ. ಒಂದು ಷರತ್ತೂ ಇದೆ. ಅವುಗಳ ಬೆಲೆಯನ್ನು ಸಾವು ಎಷ್ಟು ಮುಂದಕ್ಕೆ ಹೋಯಿತು ಎಂಬುದರಿಂದ ಅಲ್ಲ, ರೋಗಿ ಎದ್ದು ನಿಂತು ತನ್ನ ಕೆಲಸ ತಾನು ಮಾಡಿಕೊಳ್ಳುವಂತಾದನೇ ಎಂಬುದರಿಂದ ಅಳೆಯಬೇಕು.

ಭಾರತದ ಅಂಕಿಗಳು ಈ ಚರ್ಚೆಗೆ ಬೇರೆಯದೇ ತೂಕ ಕೊಡುತ್ತವೆ. 2013ರಲ್ಲಿ ತಿರುವನಂತಪುರ ಜಿಲ್ಲೆಯ 18 ಆಸ್ಪತ್ರೆಗಳಲ್ಲಿ ಹೃದಯ ವೈಫಲ್ಯಕ್ಕೆ ದಾಖಲಾದ 1,205 ಜನರನ್ನು ನೋಂದಾಯಿಸಿ ಹಿಂಬಾಲಿಸಲಾಯಿತು. ಅವರ ಸರಾಸರಿ ವಯಸ್ಸು 61. ಆಸ್ಪತ್ರೆಯಲ್ಲೇ ತೀರಿಕೊಂಡವರು ನೂರಕ್ಕೆ 8.5, ಐದು ವರ್ಷದೊಳಗೆ ತೀರಿಕೊಂಡವರು ನೂರಕ್ಕೆ 59. ಆಮೇಲೆ ದೇಶದ 53 ಆಸ್ಪತ್ರೆಗಳ 10,851 ರೋಗಿಗಳನ್ನು ಒಳಗೊಂಡ ರಾಷ್ಟ್ರೀಯ ನೋಂದಣಿಯಲ್ಲೂ ಸರಾಸರಿ ವಯಸ್ಸು ಅರವತ್ತರ ಆಸುಪಾಸಿನಲ್ಲೇ ಇತ್ತು. ಮೂರು ತಿಂಗಳೊಳಗೆ ನೂರಕ್ಕೆ 14 ಜನ ಬದುಕುಳಿಯಲಿಲ್ಲ. ಅಮೆರಿಕ, ಯುರೋಪುಗಳಲ್ಲಿ ಇದು ಎಪ್ಪತ್ತು ದಾಟಿದವರ ಕಾಯಿಲೆಯಾದರೆ ಇಲ್ಲಿ ಒಂದು ದಶಕ ಮುಂಚೆಯೇ ಬರುತ್ತದೆ. ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರಲ್ಲಂತೂ ಇನ್ನೂ ಎಳೆಯ ವಯಸ್ಸಿಗೇ ಬರುತ್ತದೆ. ಇನ್ನೂ ದುಡಿಯುವ, ಮನೆ ನಡೆಸುವ ವಯಸ್ಸಿನವರ ಕಾಲಿನ ಬಲ ಉಳಿಯುತ್ತದೋ ಇಲ್ಲವೋ ಎಂಬುದು ಇಡೀ ಮನೆಯ ಅನ್ನದ ಪ್ರಶ್ನೆ.

ಹೃದಯ ಸೋತವರು ಮಲಗಿಯೇ ಇರಬೇಕೆಂಬ ನಂಬಿಕೆ ಬರೀ ಮನೆ ಹಿರಿಯರದಲ್ಲ. ಇಪ್ಪತ್ತನೆಯ ಶತಮಾನದ ಬಹುಪಾಲು ಅದು ವೈದ್ಯಶಾಸ್ತ್ರದ್ದೇ ನಿಲುವು. ಸುಸ್ತಾದ ಹೃದಯಕ್ಕೆ ಕೆಲಸ ಕಡಿಮೆ ಮಾಡಿದರೆ ಅದು ಚೇತರಿಸಿಕೊಳ್ಳುತ್ತದೆ ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. 1960ರ ದಶಕದಲ್ಲೂ ನ್ಯೂ ಆರ್ಲಿಯನ್ಸಿನ ಜಾರ್ಜ್ ಬರ್ಚ್ ಹಿಗ್ಗಿದ ಹೃದಯದ ರೋಗಿಗಳನ್ನು ತಿಂಗಳುಗಟ್ಟಲೆ ಮಂಚದಲ್ಲೇ ಇರಿಸಿ ಚಿಕಿತ್ಸೆ ಕೊಡುತ್ತಿದ್ದರು. ಮಲಗಿದ್ದಾಗ ಮೂತ್ರ ಹೆಚ್ಚು ಹೋಗಿ ಊತ ಇಳಿಯುವುದೂ ನಿಜವೇ. ಒಳ್ಳೆಯ ಔಷಧಿಗಳಿಲ್ಲದ ಕಾಲದಲ್ಲಿ ಅದು ಸಣ್ಣ ಲಾಭವಾಗಿರಲಿಲ್ಲ. ಮೊದಲ ಬಿರುಕು ಕಂಡದ್ದು ನೆರೆಯ ಕಾಯಿಲೆಯಾದ ಹೃದಯಾಘಾತದಲ್ಲಿ. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಹೃದಯಾಘಾತವಾದವರನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿದರು. ಎಲ್ಲರೂ ಹೆದರಿದ್ದ ಅನಾಹುತವೇನೂ ಆಗಲಿಲ್ಲ. 1966ರಲ್ಲಿ ಡಲ್ಲಾಸಿನಲ್ಲಿ ಐವರು ಆರೋಗ್ಯವಂತ ಯುವಕರನ್ನು ಸುಮಾರು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಅಳೆದಾಗ ಅವರ ಶ್ರಮಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷದ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ಮುಪ್ಪು ಕಸಿದದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಸಿದದ್ದೇ ಹೆಚ್ಚಾಗಿತ್ತು. ಇಪ್ಪತ್ತರ ಹರೆಯದವರ ಕಥೆ ಹೀಗಾದರೆ ವಯಸ್ಸಾದವರದು? 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರವತ್ತು ದಾಟಿದ ಆರೋಗ್ಯವಂತರು ಹತ್ತೇ ದಿನ ಮಲಗಿದ್ದಕ್ಕೆ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಲ ಭಾಗ ಕಳೆದುಕೊಂಡರು. ಹೃದಯ ವೈಫಲ್ಯದ ರೋಗಿ ಈ ನಷ್ಟಕ್ಕೆ ಗುರಿಯಾಗುವಾಗ ಆರೋಗ್ಯವಂತನೂ ಆಗಿರುವುದಿಲ್ಲ, ಹೊಟ್ಟೆತುಂಬ ಉಂಡೂ ಇರುವುದಿಲ್ಲ.

ಹೃದಯದ ಕಾಯಿಲೆಗೂ ಕಾಲಿನ ಸ್ನಾಯುವಿಗೂ ಏನು ಸಂಬಂಧ ಎಂದು ಕೇಳುವುದು ಸಹಜ. ಸೋತ ಹೃದಯದ ರೋಗಿಯಲ್ಲಿ ಸ್ನಾಯುಗಳೂ ಬದಲಾಗುತ್ತವೆ: ನಾರುಗಳು ತೆಳ್ಳಗಾಗುತ್ತವೆ, ಆಮ್ಲಜನಕ ಬಳಸಿ ಶಕ್ತಿ ಮಾಡುವ ವ್ಯವಸ್ಥೆ ಕುಗ್ಗುತ್ತದೆ, ಸ್ವಲ್ಪ ಶ್ರಮಕ್ಕೇ ಅವು ಆಮ್ಲವನ್ನು ಸುರಿದು ಉಸಿರಾಟವನ್ನು ಕೆರಳಿಸುತ್ತವೆ. ಏದುಸಿರಿನ ಒಂದು ಪಾಲು ಎದೆಯಿಂದ ಬಂದರೆ ಇನ್ನೊಂದು ಪಾಲು ತೊಡೆಯಿಂದ ಬರುತ್ತದೆ ಎಂಬ ಈ ವಿಚಾರವನ್ನು 1990ರ ದಶಕದಲ್ಲಿ ಹೃದ್ರೋಗ ತಜ್ಞ ಆಂಡ್ರ್ಯೂ ಕೋಟ್ಸ್ ಮತ್ತು ಅವರ ಸಂಗಡಿಗರು ಬೆಳೆಸಿದರು. ಎಕೋದಲ್ಲಿ ಕಾಣುವ ಎಜೆಕ್ಷನ್ ಫ್ರಾಕ್ಷನ್‌ಗೂ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) ರೋಗಿ ಎಷ್ಟು ದೂರ ನಡೆಯಬಲ್ಲ ಎಂಬುದಕ್ಕೂ ತಾಳೆ ಬೀಳದಿರುವುದನ್ನು ಇದು ವಿವರಿಸುತ್ತದೆ. ಹೃದಯಕ್ಕೆ ಔಷಧಿ ಕೊಟ್ಟು ತೊಡೆಯನ್ನು ಮರೆತರೆ ಕಾಯಿಲೆಯ ಅರ್ಧವನ್ನು ಮಾತ್ರ ಮುಟ್ಟಿದಂತೆ.

ಆದರೂ ವ್ಯಾಯಾಮದ ಮೊದಲ ದೊಡ್ಡ ಪ್ರಯೋಗಗಳು ಒಳರೋಗಿಗಳನ್ನು ಹೊರಗಿಟ್ಟವು. 2009ರಲ್ಲಿ ಫಲಿತಾಂಶ ಪ್ರಕಟಿಸಿದ ಎಚ್‌ಎಫ್-ಆ್ಯಕ್ಷನ್ ಪ್ರಯೋಗದಲ್ಲಿ 2,331 ಸ್ಥಿರ ರೋಗಿಗಳಿದ್ದರು. ವ್ಯಾಯಾಮ ಸುರಕ್ಷಿತ ಎಂಬುದು ಅಲ್ಲಿ ಸ್ಪಷ್ಟವಾಯಿತು. ಸಾವು ಮತ್ತು ದಾಖಲಾತಿಗಳ ಒಟ್ಟು ಲೆಕ್ಕದಲ್ಲಿ ಕಂಡ ಇಳಿಕೆ ಮಾತ್ರ ಸಣ್ಣದು, ರೋಗದ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲಷ್ಟೇ ನಂಬಬಹುದಾದದ್ದು. 2019ರ ಕಾಕ್ರೇನ್ ಸಮೀಕ್ಷೆ ಇಂಥ 44 ಪ್ರಯೋಗಗಳನ್ನು ಕೂಡಿಸಿ ನೋಡಿ, ಮೊದಲ ವರ್ಷದ ಆಸ್ಪತ್ರೆ ದಾಖಲಾತಿಗಳು ತಗ್ಗುತ್ತವೆ, ಸಾವಿನಲ್ಲಿ ವ್ಯತ್ಯಾಸ ಕಾಣದು ಎಂದಿತು. ಅದಕ್ಕೂ ಮುಂಚೆ, ಎಚ್‌ಎಫ್-ಆ್ಯಕ್ಷನ್ ಆಧಾರದ ಮೇಲೆ 2014ರಲ್ಲಿ ಅಮೆರಿಕದ ಸರ್ಕಾರಿ ವಿಮೆ ಹೃದಯ ವೈಫಲ್ಯದವರ ಪುನಶ್ಚೇತನಕ್ಕೆ ಹಣ ಕೊಡಲು ಒಪ್ಪಿತು. ಆದರೆ ಹಿಂದಿನ ಆರು ವಾರಗಳಲ್ಲಿ ಹೃದಯದ ಕಾಯಿಲೆಗೆ ಆಸ್ಪತ್ರೆ ಸೇರಿರಬಾರದು ಎಂಬ ನಿಬಂಧನೆ ಹಾಕಿತು. ಪ್ರಯೋಗಗಳು ಯಾರನ್ನು ಪರೀಕ್ಷಿಸಿದ್ದವೋ ಅವರಿಗೇ ಹಣ ಎಂಬ ಆ ಲೆಕ್ಕ ಕಾಗದದ ಮೇಲೆ ಸರಿಯೇ. ಪರಿಣಾಮ ಮಾತ್ರ ವಿಚಿತ್ರ: ರೋಗಿ ಅತಿ ಬೇಗ ಕ್ಷೀಣಿಸುವ, ಮತ್ತೆ ದಾಖಲಾಗುವ ಸಾಧ್ಯತೆ ಅತಿ ಹೆಚ್ಚಿರುವ ಆರು ವಾರಗಳೇ ಖಾಲಿ ಬಿದ್ದವು. ಡಿಸ್ಚಾರ್ಜ್ ಆದವರು ಎಷ್ಟೋ ಸಲ ಮೂಲ ಕಾಯಿಲೆಗಿಂತ ಬೇರೆ ಕಾರಣಕ್ಕೆ, ಬಿದ್ದು, ಸೋಂಕು ತಗುಲಿ, ಗೊಂದಲಗೊಂಡು, ಹಿಂತಿರುಗುತ್ತಾರೆಂದು ಯೇಲ್‌ನ ಹಾರ್ಲನ್ ಕ್ರುಮ್‌ಹೋಲ್ಜ್ 2013ರಲ್ಲಿ ಗಮನ ಸೆಳೆದಿದ್ದರು. ನಿದ್ದೆಯಿಲ್ಲದ ರಾತ್ರಿಗಳು, ಅರೆಹೊಟ್ಟೆ, ಹಾಸಿಗೆ ಮಾಡಿದ ನಿತ್ರಾಣ ಇವೆಲ್ಲ ಆಸ್ಪತ್ರೆಯೇ ಕೊಟ್ಟು ಕಳಿಸುವ ಇನ್ನೊಂದು ಕಾಯಿಲೆ ಎಂಬುದು ಅವರ ವಾದ.

ಆ ಖಾಲಿ ಜಾಗಕ್ಕೆ ನೇರವಾಗಿ ಕೈಹಾಕಿದ್ದು ಹೃದ್ರೋಗ ತಜ್ಞ ಡಾಲೇನ್ ಕಿಟ್ಜ್‌ಮನ್ ನೇತೃತ್ವದ ರಿಹ್ಯಾಬ್-ಎಚ್‌ಎಫ್ ಪ್ರಯೋಗ. 2021ರಲ್ಲಿ ಪ್ರಕಟವಾದ ಇದರಲ್ಲಿ ಹೃದಯ ವೈಫಲ್ಯ ಉಲ್ಬಣಿಸಿ ದಾಖಲಾದ, 60 ದಾಟಿದ 349 ಜನರಿದ್ದರು. ಸರಾಸರಿ ವಯಸ್ಸು ಸುಮಾರು 73. ಜೊತೆಗೆ ಸರಾಸರಿ ಐದು ಬೇರೆ ಕಾಯಿಲೆಗಳು. ನೂರಕ್ಕೆ 97 ಜನ ಆಗಲೇ ನಿಶ್ಶಕ್ತರು ಅಥವಾ ಅದರ ಅಂಚಿನಲ್ಲಿದ್ದವರು. ಟ್ರೆಡ್‌ಮಿಲ್ ಹತ್ತಿಸುವ ಹಳೆಯ ಕ್ರಮವನ್ನು ಬಿಟ್ಟು ಇಲ್ಲಿ ನಾಲ್ಕು ಸಾಮರ್ಥ್ಯಗಳನ್ನು ಹಿಡಿದರು: ಬಲ, ಸಮತೋಲ, ಚಲನೆ, ತಾಳಿಕೆ. ನೆಟ್ಟಗೆ ನಿಲ್ಲಲಾರದವನನ್ನು ನಡೆಸಲು ಹೊರಟರೆ ಬೀಳುತ್ತಾನೆ, ಆದ್ದರಿಂದ ಮೊದಲು ನಿಲ್ಲುವುದನ್ನು ಕಲಿಸಬೇಕು ಎಂಬ ಸರಳ ವಿವೇಕ ಇದರ ಹಿಂದಿದೆ. ಪ್ರತಿ ಸಾಮರ್ಥ್ಯದಲ್ಲೂ ರೋಗಿ ಯಾವ ಮೆಟ್ಟಿಲಲ್ಲಿದ್ದಾನೆಂದು ನೋಡಿ ಅಲ್ಲಿಂದಲೇ ಶುರುಮಾಡಿದರು. ಸಾಧ್ಯವಾದವರಿಗೆ ವಾರ್ಡಿನಲ್ಲೇ ಆರಂಭಿಸಿ, ಮನೆಗೆ ಹೋದ ಮೇಲೆ ವಾರಕ್ಕೆ ಮೂರರಂತೆ ಹನ್ನೆರಡು ವಾರ ಮುಂದುವರಿಸಿದರು. ಸಮತೋಲ, ನಾಲ್ಕು ಮೀಟರ್ ನಡಿಗೆ, ಕುರ್ಚಿಯಿಂದ ಐದು ಸಲ ಏಳುವುದು, ಇವು ಮೂರನ್ನು ಸೇರಿಸಿ 12ಕ್ಕೆ ಅಂಕ ಕೊಡುವ ಪರೀಕ್ಷೆಯೊಂದಿದೆ. ಮೂರು ತಿಂಗಳ ಕೊನೆಗೆ ವ್ಯಾಯಾಮದ ಗುಂಪಿಗೆ 8.3, ಮಾಮೂಲಿ ಆರೈಕೆಯ ಗುಂಪಿಗೆ 6.9 ಅಂಕ ಬಂತು. ಸುಮಾರು ಒಂದೂವರೆ ಅಂಕದ ಅಂತರ ಕಣ್ಣಿಗೆ ಸಣ್ಣದಾಗಿ ಕಾಣಬಹುದು. ಈ ಮಾಪನದಲ್ಲಿ ಒಂದು ಅಂಕದ ಏರಿಕೆಯನ್ನೇ ಗಣನೀಯವೆಂದು ಎಣಿಸುತ್ತಾರೆ. ಇನ್ನೊಬ್ಬರ ಕೈ ಹಿಡಿಯದೆ ಬಚ್ಚಲಿಗೆ ಹೋಗಿಬರುವವನಿಗೂ ಹೋಗಲಾಗದವನಿಗೂ ನಡುವೆ ಇಂಥ ಒಂದೆರಡು ಅಂಕಗಳೇ ಇರುತ್ತವೆ.

ಇಲ್ಲಿಯೇ ಗಟ್ಟಿಯಾದ ಆಕ್ಷೇಪವೂ ಹುಟ್ಟುತ್ತದೆ. ಆರು ತಿಂಗಳಲ್ಲಿ ಮತ್ತೆ ದಾಖಲಾದ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಸಾವುಗಳು ವ್ಯಾಯಾಮದ ಗುಂಪಿನಲ್ಲಿ 21, ಇನ್ನೊಂದರಲ್ಲಿ 16. ಈ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು. ಆದರೂ ಅದನ್ನು ಮುಚ್ಚಿಟ್ಟು ವ್ಯಾಯಾಮದ ಜಯಘೋಷ ಮಾಡುವುದು ಪ್ರಾಮಾಣಿಕವಲ್ಲ. ಆಸ್ಟ್ರೇಲಿಯಾದ ಇಜೆಕ್ಷನ್-ಎಚ್‌ಎಫ್ ಪ್ರಯೋಗವೂ (2018) ಇದೇ ದಿಕ್ಕನ್ನು ತೋರುತ್ತದೆ: ಇತ್ತೀಚೆಗಷ್ಟೇ ಆಸ್ಪತ್ರೆಯಿಂದ ಬಂದ 278 ಜನರಲ್ಲಿ, ಒಳ್ಳೆಯ ರೋಗ ನಿರ್ವಹಣೆಯ ಮೇಲೆ ಉಸ್ತುವಾರಿಯ ವ್ಯಾಯಾಮ ಸೇರಿಸಿದರೂ ಸಾವಾಗಲಿ ದಾಖಲಾತಿಯಾಗಲಿ ತಗ್ಗಲಿಲ್ಲ. ಹಾಗಾದರೆ ಈ ಶ್ರಮವೆಲ್ಲ ಯಾತಕ್ಕೆ? ಉತ್ತರ ಅಳತೆಗೋಲಿನಲ್ಲಿದೆ. ಮಂಡಿಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆಯುಸ್ಸು ಹೆಚ್ಚಿಸಿತೇ ಎಂದು ಯಾರೂ ಕೇಳುವುದಿಲ್ಲ. ನಡೆಯಲು ಬಂತೇ ಎಂದು ಕೇಳುತ್ತಾರೆ. ಜೀವ ಉಳಿಸುವ ಕೆಲಸಕ್ಕೆ ಹೃದಯ ವೈಫಲ್ಯದಲ್ಲಿ ಔಷಧಿಗಳಿವೆ. 2022ರ ಸ್ಟ್ರಾಂಗ್-ಎಚ್‌ಎಫ್ ಪ್ರಯೋಗದಲ್ಲಿ ಡಿಸ್ಚಾರ್ಜ್ ಆದ ಎರಡು ವಾರಗಳಲ್ಲೇ ಮಾತ್ರೆಗಳನ್ನು ಪೂರ್ಣ ಪ್ರಮಾಣಕ್ಕೆ ಏರಿಸಿ, ಪದೇಪದೇ ಪರೀಕ್ಷಿಸಿ ನೋಡಿಕೊಂಡಾಗ, ಆರು ತಿಂಗಳ ಸಾವು ಅಥವಾ ಮರುದಾಖಲಾತಿ ನೂರಕ್ಕೆ 23.3ರಿಂದ 15.2ಕ್ಕೆ ಇಳಿಯಿತು. ವ್ಯಾಯಾಮ ಆ ಮಾತ್ರೆಗಳ ಬದಲಿಯಲ್ಲ. ಮಾತ್ರೆ ಕೊಟ್ಟ ದಿನಗಳನ್ನು ರೋಗಿ ಮಂಚದ ಮೇಲೆ ಕಳೆಯಬೇಕೋ ಅಂಗಳದಲ್ಲಿ ಕಳೆಯಬೇಕೋ ಎಂಬುದು ವ್ಯಾಯಾಮದ ಪಾಲಿನ ಪ್ರಶ್ನೆ.

ಸುರಕ್ಷತೆಯ ಆತಂಕಕ್ಕೆ ಉತ್ತರ ಸಮಯ ಮತ್ತು ಮಟ್ಟದ ಆಯ್ಕೆಯಲ್ಲಿದೆ. ಸುಮ್ಮನೆ ಕೂತಾಗಲೇ ಏದುಸಿರಿರುವವರು, ರಕ್ತದೊತ್ತಡ ಹಿಡಿದು ನಿಲ್ಲಿಸಲು ಡ್ರಿಪ್ಪಿನ ಪ್ರಮಾಣ ಏರಿಸಲಾಗುತ್ತಿರುವವರು, ಹತೋಟಿಗೆ ಬಾರದ ಲಯದೋಷವುಳ್ಳವರು, ಹೊಸ ಎದೆನೋವು, ಜ್ವರ, ಹೃದಯದ ಉರಿಯೂತ ಅಥವಾ ಲಕ್ಷಣ ತೋರುತ್ತಿರುವ ಬಿಗಿ ಮಹಾಪಧಮನಿ ಕವಾಟ ಇರುವವರು ಕಾಯಬೇಕು. ಉಳಿದವರಲ್ಲಿ ನೀರಿಳಿದು ಮಾತನಾಡುವಷ್ಟು ಉಸಿರು ಬಂದ ದಿನವೇ ಆರಂಭಿಸಬಹುದು. ಮಲಗಿದಲ್ಲೇ ಪಾದ ಮೇಲೆಕೆಳಗೆ ಆಡಿಸುವುದು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು, ಕುರ್ಚಿಯಲ್ಲಿ ಊಟ, ಹಿಡಿದು ಎದ್ದು ನಿಲ್ಲುವುದು, ವಾರ್ಡಿನ ಉದ್ದಕ್ಕೂ ಎರಡು ಮೂರು ನಿಮಿಷದ ನಡಿಗೆಯನ್ನು ದಿನಕ್ಕೆ ನಾಲ್ಕಾರು ಸಲ, ಹೊರಡುವ ಮುನ್ನ ಮನೆಯಲ್ಲಿರುವಷ್ಟು ಮೆಟ್ಟಿಲು. ನೀರಿನ ಮಾತ್ರೆ ಮತ್ತು ಬಿಪಿ ತಗ್ಗಿಸುವ ಔಷಧಿಗಳಿಂದ ಎದ್ದೊಡನೆ ಕಣ್ಣು ಕತ್ತಲೆ ಬರುವುದು ಸಾಮಾನ್ಯ. ಕೂತು, ಕಾದು, ನಿಂತು, ಕಾದು ಹೆಜ್ಜೆ ಇಡಿಸಬೇಕು. ನಾಡಿ ನಿಧಾನಿಸುವ ಬೀಟಾ ಬ್ಲಾಕರ್ ನುಂಗುವವರಲ್ಲೂ ಲಯ ತಪ್ಪಿದವರಲ್ಲೂ ನಾಡಿಯ ಎಣಿಕೆ ದಾರಿ ತಪ್ಪಿಸುತ್ತದೆ. ಅದಕ್ಕಾಗಿ ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ, ರೋಗಿಯೇ ತನ್ನ ಶ್ರಮಕ್ಕೆ 6ರಿಂದ 20ರವರೆಗೆ ಅಂಕ ಕೊಡುವ ಕ್ರಮ ಹೆಚ್ಚು ನಂಬಿಗಸ್ತ. 11ರಿಂದ 13 ಗುರಿ. ಅಂಕ ಅರ್ಥವಾಗದಿದ್ದರೆ, ನಡೆಯುತ್ತಲೇ ಒಂದು ಪೂರ್ಣ ವಾಕ್ಯ ಮಾತನಾಡಲು ಬಂದರೆ ಸಾಕು. ತಲೆಸುತ್ತು, ಎದೆನೋವು, ಎದೆಬಡಿತದ ಏರುಪೇರು ಕಂಡರೆ ನಿಲ್ಲಿಸಲೇಬೇಕು. ಒಂದು ಸಂಗತಿಯನ್ನು ಕುರ್ಚಿ-ಟೇಬಲ್ಲಿನ ದೇಶಗಳ ಕೈಪಿಡಿಗಳು ಹೇಳುವುದಿಲ್ಲ. ನೆಲದ ಮೇಲೆ ಕೂತು ಉಣ್ಣುವ, ಕುಕ್ಕರಗಾಲಿನ ಪಾಯಖಾನೆ ಬಳಸುವ, ಬಗ್ಗಿ ಕಸ ಗುಡಿಸುವ ಮನೆಗೆ ಹಿಂದಿರುಗುವವರಿಗೆ ಕುರ್ಚಿಯಿಂದ ಏಳುವ ಪರೀಕ್ಷೆ ಸಾಲದು. ಬಗ್ಗಿದಾಗ ಉಸಿರು ಕಟ್ಟುವುದೇ ಒಳಗೆ ನೀರಿನೊತ್ತಡ ಉಳಿದಿರುವ ಸೂಚನೆ. ಮಲ ಹೋಗಲು ತಿಣುಕುವುದೂ ಆಯಾಸವೇ. ಕೆಲಕಾಲ ಕಮೋಡ್ ಕುರ್ಚಿ ಬೇಕೇ, ನೆಲದಿಂದ ಏಳುವುದನ್ನು ಯಾವಾಗ ಅಭ್ಯಾಸ ಮಾಡಿಸಬೇಕು ಎಂಬುದನ್ನು ಡಿಸ್ಚಾರ್ಜಿಗೆ ಮುನ್ನವೇ ತೀರ್ಮಾನಿಸಬೇಕು.

ವ್ಯಾಯಾಮದ ಜೊತೆ ಬಿಟ್ಟುಹೋಗುವ ಎರಡನೆಯ ಸಂಗತಿ ಸ್ವ-ಆರೈಕೆ. ಅದನ್ನು ನರ್ಸಿಂಗ್ ಸಂಶೋಧಕಿ ಬಾರ್ಬರಾ ರೀಗಲ್ ಮತ್ತು ಸಹೋದ್ಯೋಗಿಗಳು ಮೂರಾಗಿ ಬಿಡಿಸಿದ್ದಾರೆ: ಮಾತ್ರೆ, ಊಟ, ಚಟುವಟಿಕೆಗಳನ್ನು ಕ್ರಮದಲ್ಲಿಡುವುದು; ದೇಹದ ಬದಲಾವಣೆಗಳನ್ನು ಗಮನಿಸುವುದು; ಬದಲಾದಾಗ ಏನಾದರೂ ಮಾಡುವುದು. ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ. ಕಾಲು ಊದಿದ್ದು ಕಾಣುತ್ತದೆ, ಆದರೆ ಹಬ್ಬ ಮುಗಿಯಲಿ, ಮಗ ಊರಿಂದ ಬರಲಿ ಎಂದು ವಾರ ಕಳೆಯುತ್ತದೆ. ಆಸ್ಪತ್ರೆ ಸೇರುವ ಒಂದು ವಾರ ಮೊದಲೇ ತೂಕ ಏರತೊಡಗಿರುತ್ತದೆ ಎಂದು 2007ರ ಅಧ್ಯಯನವೊಂದು ತೋರಿಸಿದೆ. ದಿನವೂ ಬೆಳಿಗ್ಗೆ, ಮೂತ್ರ ಹೋಗಿಬಂದ ಮೇಲೆ, ಏನೂ ತಿನ್ನುವ ಮೊದಲು ತೂಕ ನೋಡಿ, ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚಾದರೆ ವೈದ್ಯರಿಗೆ ತಿಳಿಸಬೇಕೆಂಬ ಸೂತ್ರ ಅದಕ್ಕಾಗಿಯೇ ಇದೆ. ನೀರೆಲ್ಲ ಇಳಿದ ದಿನದ ತೂಕವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯದಿದ್ದರೆ ಈ ಸೂತ್ರಕ್ಕೆ ತಳವೇ ಇರುವುದಿಲ್ಲ. ತಕ್ಕಡಿ ಇಲ್ಲದ ಮನೆಗಳಲ್ಲಿ ಚಪ್ಪಲಿ ಬಿಗಿಯಾಗುವುದು, ಲಂಗದ ಲಾಡಿ ಅಥವಾ ಪಂಚೆ ಸೊಂಟಕ್ಕೆ ಒತ್ತುವುದು, ದಿಂಬು ಒಂದರಿಂದ ಎರಡಾಗುವುದು, ಮಲಗಿದೊಡನೆ ಕೆಮ್ಮು ಶುರುವಾಗುವುದು ಅದೇ ಸುದ್ದಿಯನ್ನು ಹೇಳುತ್ತವೆ. ತೂಕ ಏರದೆಯೂ ಕೆಲವರಿಗೆ ಕಾಯಿಲೆ ಉಲ್ಬಣಿಸುತ್ತದೆ, ಆದ್ದರಿಂದ ತಕ್ಕಡಿ ಇದ್ದವರಿಗೂ ಈ ಗುರುತುಗಳು ಬೇಕು.

ಉಪ್ಪು ಮತ್ತು ನೀರಿನ ಬಗ್ಗೆ ಹೇಳುವಾಗ ಲೇಖಕರು, ವೈದ್ಯರು ಎಲ್ಲರೂ ಸಾಕ್ಷ್ಯ ಇರುವುದಕ್ಕಿಂತ ಗಟ್ಟಿ ದನಿಯಲ್ಲಿ ಮಾತಾಡಿದ್ದಾರೆ. ಬ್ರೆಜಿಲಿನಲ್ಲಿ 75 ಒಳರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ (2013) ಕಟ್ಟುನಿಟ್ಟಾಗಿ ಉಪ್ಪು-ನೀರು ಕಡಿತ ಮಾಡಿದ್ದರಿಂದ ತೂಕ ಹೆಚ್ಚು ಇಳಿಯಲಿಲ್ಲ. ಬಾಯಾರಿಕೆ ಮಾತ್ರ ಹೆಚ್ಚಿತು. ಆರು ದೇಶಗಳ 806 ಜನರ ಸೋಡಿಯಂ-ಎಚ್‌ಎಫ್ (2022) ಪ್ರಯೋಗದಲ್ಲಿ ಸೋಡಿಯಂ ತೀರಾ ತಗ್ಗಿಸಿದರೂ ಸಾವು, ದಾಖಲಾತಿ ತಗ್ಗಲಿಲ್ಲ. ನೆದರ್ಲೆಂಡ್ಸಿನ ಫ್ರೆಶ್-ಅಪ್ (2025) ಪ್ರಯೋಗದಲ್ಲಿ ಸ್ಥಿರ ರೋಗಿಗಳಿಗೆ ದಿನಕ್ಕೆ ಒಂದೂವರೆ ಲೀಟರಿನ ಮಿತಿಯಿಂದ ವಿಶೇಷ ಲಾಭ ಕಾಣಲಿಲ್ಲ. ಹಾಗೆಂದು ಉಪ್ಪಿನಕಾಯಿ ಭರಣಿಗೆ ಕೈಹಾಕಬಹುದೆಂದು ಅರ್ಥವಲ್ಲ. ಸೋಡಿಯಂ ಪ್ರಯೋಗದ ರೋಗಿಗಳು ಆರಂಭದಲ್ಲೇ ಮಿತವಾಗಿ ಉಪ್ಪು ತಿನ್ನುತ್ತಿದ್ದವರು. ಹಪ್ಪಳ, ಸಂಡಿಗೆ, ಚಟ್ನಿಪುಡಿ, ಉಪ್ಪು ಬೆರೆಸಿದ ಮಜ್ಜಿಗೆಯ ನಮ್ಮ ಎಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ, ಎಂದರೆ ಸುಮಾರು ಒಂದು ಟೀ ಚಮಚ, ಸುಲಭವಾಗಿ ದಾಟುತ್ತದೆ. ಅತಿಯನ್ನು ಮಿತಿಗೆ ತರುವುದು ಸಮಂಜಸ. ಮಿತಿಯಿಂದ ಶೂನ್ಯಕ್ಕೆ ಎಳೆದು ರೋಗಿ ಊಟವನ್ನೇ ಬಿಡುವಂತೆ ಮಾಡುವುದು, ಸ್ನಾಯು ಕರಗುತ್ತಿರುವವನ ವಿಷಯದಲ್ಲಿ, ಕೇಡೇ. ನೀರಿನ ಮಿತಿ ಯಾರಿಗೆ ಎಷ್ಟು ಎಂಬುದನ್ನು ವೈದ್ಯರು ರಕ್ತದ ಸೋಡಿಯಂ, ಊತ, ಋತು ನೋಡಿ ಹೇಳಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೀರಿನ ಮಾತ್ರೆ ನುಂಗುವವರಿಗೆ ಒಣಗುವ ಅಪಾಯವೂ ಅಷ್ಟೇ ನಿಜ. ಇನ್ನು ಎಳನೀರು. ಆಸ್ಪತ್ರೆಗೆ ನೋಡಲು ಬರುವವರೆಲ್ಲ ಒಂದೊಂದು ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಹೇರಳ. ಸ್ಪಿರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವ, ಮೂತ್ರಪಿಂಡ ಸೋತ ರೋಗಿಗೆ ಅದು ಹೃದಯದ ಲಯವನ್ನೇ ಕೆಡಿಸಬಲ್ಲದು. ಕಡಿಮೆ ಸೋಡಿಯಂ ಉಪ್ಪು ಎಂದು ಮಾರುವುದರಲ್ಲೂ ಪೊಟ್ಯಾಸಿಯಂ ಇರುವುದರಿಂದ ಅದಕ್ಕೂ ಇದೇ ಎಚ್ಚರಿಕೆ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಮಾತ್ರೆಗಳು ನೀರು ಹಿಡಿದಿಡುತ್ತವೆ. ವ್ಯಾಯಾಮ ಶುರುಮಾಡಿದವರಿಗೆ ಮೈಕೈ ನೋವು ಬಂದು ಇವನ್ನೇ ನುಂಗುವ ಸಂಭವ ಇರುವುದರಿಂದ ಇದನ್ನು ಮೊದಲೇ ಹೇಳಿಡಬೇಕು.

ಸ್ವ-ಆರೈಕೆ ಎನ್ನುತ್ತ ಆಸ್ಪತ್ರೆ ತನ್ನ ಹೊಣೆಯನ್ನು ರೋಗಿಯ ತಲೆಗೆ ಕಟ್ಟುತ್ತಿದೆ ಎಂಬ ಟೀಕೆಯಲ್ಲಿ ಹುರುಳಿದೆ. ಮತ್ತೆ ದಾಖಲಾದವನಿಗೆ ಸಿಗುವ ಮೊದಲ ಮಾತು ಏನು ತಿಂದಿರಿ ಎಂಬುದೇ. ಮಾತ್ರೆ ಕೊಳ್ಳಲು ದುಡ್ಡಿತ್ತೇ, ನೆನಪು ಮಸುಕಾಗಿದೆಯೇ, ಮನಸ್ಸು ಕುಗ್ಗಿದೆಯೇ ಎಂಬ ಪ್ರಶ್ನೆಗಳು ತಡವಾಗಿ ಬರುತ್ತವೆ, ಅಥವಾ ಬರುವುದೇ ಇಲ್ಲ. ಸಾಕ್ಷ್ಯವೂ ಟೀಕೆಯ ಪರವಾಗಿದೆ. 1995ರಲ್ಲಿ ಸೇಂಟ್ ಲೂಯಿಸ್‌ನ ಮೈಕೆಲ್ ರಿಚ್ ಪ್ರಕಟಿಸಿದ ಪ್ರಯೋಗದಲ್ಲಿ, 70 ದಾಟಿದ 282 ರೋಗಿಗಳ ಪೈಕಿ ಒಂದು ಗುಂಪಿಗೆ ನರ್ಸ್ ಒಬ್ಬರು ವಾರ್ಡಿನಿಂದಲೇ ಕಲಿಸತೊಡಗಿ, ಆಹಾರತಜ್ಞರು, ಸಮಾಜಕಾರ್ಯಕರ್ತರು ಕೈಜೋಡಿಸಿ, ಮನೆಗೆ ಹೋದ ಮೇಲೂ ಬೆನ್ನಿಗಿದ್ದರು. ಮೂರು ತಿಂಗಳ ಮರುದಾಖಲಾತಿಗಳು 94ರ ಎದುರು 53ಕ್ಕೆ ಇಳಿದವು. ಇದಕ್ಕೆ ಪ್ರತಿಯಾಗಿ, 1,653 ಜನರಿಗೆ ದಿನವೂ ಫೋನಿನ ಯಂತ್ರಕ್ಕೆ ತೂಕ ಮತ್ತು ಲಕ್ಷಣ ಒತ್ತಿ ತಿಳಿಸಲು ಹೇಳಿದ ಟೆಲಿ-ಎಚ್‌ಎಫ್ (2010) ಪ್ರಯೋಗದಿಂದ ಏನೂ ಲಾಭವಾಗಲಿಲ್ಲ. ಅಂಕಿ ಕಳಿಸುವುದು ಆರೈಕೆಯಲ್ಲ. ಆ ಅಂಕಿಗೆ ಓಗೊಡುವ ಮನುಷ್ಯರು ಬೇಕು. ವಾರ್ಡಿನಲ್ಲಿ ಇದನ್ನು ಕಲಿಸುವುದೆಂದರೆ ಕರಪತ್ರ ಕೈಗಿಡುವುದಲ್ಲ. ರೋಗಿ ತಾನೇ ತಕ್ಕಡಿ ಹತ್ತಿ ಓದಬೇಕು, ಪಾದದ ಮೇಲೆ ಬೆರಳೊತ್ತಿ ಗುಳಿ ನೋಡಬೇಕು, ಯಾವ ಮಾತ್ರೆ ಯಾತಕ್ಕೆಂದು ತಿರುಗಿ ಹೇಳಬೇಕು, ವಾಂತಿ-ಭೇದಿಯಾದ ದಿನ ಯಾವುದನ್ನು ಕೇಳಿ ನಿಲ್ಲಿಸಬೇಕೆಂದು ಬರೆಸಿಕೊಳ್ಳಬೇಕು. ಜೊತೆಗಿರುವ ಅಟೆಂಡರ್, ಸಾಮಾನ್ಯವಾಗಿ ಹೆಂಡತಿ, ಸೊಸೆ ಅಥವಾ ಮಗಳು, ಪಕ್ಕದಲ್ಲೇ ಕಲಿಯಬೇಕು. ರೋಗಿಯೇ ಹೆಂಗಸಾದಾಗ ಲೆಕ್ಕ ತಿರುವುಮುರುವಾಗುತ್ತದೆ: ಮನೆಗೆ ಮರಳಿದ ಮರುದಿನವೇ ಒಲೆ ಮುಂದೆ ನಿಲ್ಲುವವಳಿಗೆ ಮನೆಕೆಲಸವೇ ವ್ಯಾಯಾಮ ಎಂದು ತೀರ್ಮಾನಿಸುವವರಿದ್ದಾರೆ. ದಣಿಸುವ ದುಡಿಮೆಯಲ್ಲಿ ಅಳತೆಯೂ ಇಲ್ಲ, ಮೆಟ್ಟಿಲೂ ಇಲ್ಲ, ನಿಲ್ಲಿಸುವ ಸ್ವಾತಂತ್ರ್ಯವಂತೂ ಇಲ್ಲವೇ ಇಲ್ಲ, ಅದು ಚಿಕಿತ್ಸೆಯಾಗದು.

ಕೊನೆಯ ಆಕ್ಷೇಪ ಸಿಬ್ಬಂದಿಯದು. ರಿಹ್ಯಾಬ್-ಎಚ್‌ಎಫ್ ಮಾದರಿಗೆ ಪ್ರತಿ ರೋಗಿಗೆ 36 ಸಲ ತರಬೇತಾದವರ ಸಮಯ ಬೇಕು. ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ ಅದು ಸಿಗದು. ಆದರೆ ಭಾರತದಲ್ಲೇ ಬೇರೆ ದಾರಿಯ ಸುಳಿವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಡೆನಿಸ್ ಝೇವಿಯರ್ ತಂಡ 2016ರಲ್ಲಿ ಪ್ರಕಟಿಸಿದ ಸ್ಪ್ರೆಡ್ ಪ್ರಯೋಗದಲ್ಲಿ 14 ಆಸ್ಪತ್ರೆಗಳ 806 ಹೃದಯಾಘಾತ ವರ್ಗದ ರೋಗಿಗಳ ಪೈಕಿ ಒಂದು ಗುಂಪನ್ನು ತರಬೇತಾದ ಆರೋಗ್ಯ ಕಾರ್ಯಕರ್ತರು ಡಿಸ್ಚಾರ್ಜಿನಿಂದ ಒಂದು ವರ್ಷ ಹಿಂಬಾಲಿಸಿದರು. ಮಾತ್ರೆ ತಪ್ಪದಿರುವುದರಲ್ಲೂ, ವ್ಯಾಯಾಮದಲ್ಲೂ ಸುಧಾರಣೆ ಕಂಡಿತು. ಹೃದಯಾಘಾತವಾದ 3,959 ಜನರಲ್ಲಿ ಯೋಗಾಧಾರಿತ ಪುನಶ್ಚೇತನವನ್ನು ಪರೀಕ್ಷಿಸಿದ ಯೋಗ-ಕೇರ್ (2020) ಸಾವು-ಆಘಾತಗಳನ್ನು ಖಚಿತವಾಗಿ ತಗ್ಗಿಸಲಿಲ್ಲ, ಆದರೆ ರೋಗಿಗಳೇ ಹೇಳಿದ ಆರೋಗ್ಯದ ಮಟ್ಟವನ್ನೂ ಹಳೆಯ ಕೆಲಸಗಳಿಗೆ ಮರಳುವುದನ್ನೂ ಹೆಚ್ಚಿಸಿತು. ಎರಡೂ ಹೃದಯ ವೈಫಲ್ಯದ ಪ್ರಯೋಗಗಳಲ್ಲ. ಅವುಗಳ ಫಲವನ್ನು ಹಾಗೆಯೇ ಎತ್ತಿ ಇಲ್ಲಿ ನೆಡಲಾಗದು. ಹೃದಯಾಘಾತದ ಐವತ್ತರ ರೋಗಿ ತಾನಾಗಿ ನಡೆದು ತರಗತಿಗೆ ಬರುತ್ತಾನೆ, ಹೃದಯ ಸೋತ ಎಪ್ಪತ್ತರವನನ್ನು ಮೊದಲು ನಿಲ್ಲಿಸಬೇಕು. ಆದ್ದರಿಂದ ಇರುವಷ್ಟು ಫಿಸಿಯೋಥೆರಪಿಸ್ಟರನ್ನು ಹಂಚುವಾಗ, ಹಿಡಿದರೂ ಐದು ಸಲ ಕುರ್ಚಿಯಿಂದ ಏಳಲಾರದವರಿಗೆ ಅವರ ಕೈ ಮೊದಲು ಸಿಗಬೇಕು. ಎದ್ದು ನಡೆಯಬಲ್ಲವರಿಗೆ ನರ್ಸು, ಅಟೆಂಡರ್ ಮತ್ತು ಊರಿನ ಆರೋಗ್ಯ ಕಾರ್ಯಕರ್ತೆ ಸಾಕು. ಯಾರು ಯಾವ ಗುಂಪು ಎಂದು ತಿಳಿಯಲು ಬೇಕಾದದ್ದು ಒಂದು ಕುರ್ಚಿ, ನಾಲ್ಕು ಮೀಟರ್ ನೆಲ ಮತ್ತು ಒಂದು ಗಡಿಯಾರ.